ಒಂದು ಕಟ್ಟು ಬಚ್ಚಲಿ

ಗೌಂಡಿ ಕಾಕಾನ ಬಲಗೈ ನಡುಬೆರಳಿನ ಗೆಣ್ಣು ಕಡ್ಲಿಕಾಳಿನಂಗ ಉಬ್ಬಿತ್ತು. ಜೀವನಪೂರ್ತಿ ಕಲ್ಲು, ಟೈಲ್ಸು ಬಡದು ಬಡದು ಹಂಗಾಗಿತ್ತಂತ. ಯಾವ ನೆಲ ಕಂಡ್ರೂ ಕುಕ್ಕರಗಾಲಿಲೆ ಕುಂತು, ಆ ಗೆಣ್ಣಿನಿಂದ ಎರಡು ಸಲ ಬಡದು, ಕಿವಿ ಹಚ್ಚಿ ಕೇಳೋದು ಅವರ ಚಟ. "ತುಂಬಿದ್ದು ಮಾತಾಡಂಗಿಲ್ರಿ. ಟೊಳ್ಳು ಅಷ್ಟ ವಟವಟ ಅಂತೈತಿ" ಅನ್ನೋರು. ಮೊದಲ ದಿನಾನ ನನ್ನ ತಲಿಗೂ ಬಡದು, ಕಿವಿ ಹಚ್ಚಿ, ಮುಖ ಸಣ್ಣದು ಮಾಡಿದ್ರು.

ನಾ ಧಾರವಾಡದಿಂದ ತೆಲುಗು ನಾಡಿಗೆ ಬಂದು ಮಾದಾಪುರದಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕ ಸೇರಿದ್ದೆ. ಆಗ ಇಂಗ್ಲಿಷಿನ್ಯಾಗ ತನ್ನ ಹೆಸರು ಹೇಳಾಕ ಬಂದವರಿಗೆಲ್ಲಾ ಕೆಲಸ ಸಿಗ್ತಿತ್ತು. ಇಲ್ಲಂದ್ರ ನನಗ ಯಾರು ಕೊಡ್ತಿದ್ರು? ಇರೋದು ಕೂಕಟ್‌ಪಲ್ಲಿಯೊಳಗ, ಅಪ್ಪನ ಅಕ್ಕ, ನಮ್ಮ ಅತ್ತಿ ಮನ್ಯಾಗ. ಕೇಂದ್ರ ಸರ್ಕಾರದ ಫ್ಯಾಕ್ಟರಿಯೊಳಗ ಕ್ಲಾರ್ಕ್ ಆಗಿ ದುಡದು ಅತ್ತಿ ತಾನ ಕಟ್ಟಿಸಿದ ಹಳೇ ಮನಿ. ಬಚ್ಚಲಾ ಎಷ್ಟು ಸಣ್ಣದಂದ್ರ, ಸೋಪು ಬಿದ್ರ ಬಗ್ಗಾಕ ಹೊರಗ ಬರಬೇಕು. ಅಲ್ಲೇ ಅತ್ತಿ ಜಾರಿ ಬಿದ್ದು ಮುಂಗೈ ಮುರಕೊಂಡ್ಲು. ಗುಲ್ಬರ್ಗಾದಿಂದ ಮಗಳು ಬಂದು ಕರಕೊಂಡು ಹೋಗುವಾಗ ಖಡಕ್ಕಾಗಿ ಹೇಳಿದ್ಲು: "ಇನ್ನೊಂದ ಸಲ ಬಿದ್ದಿ ಅಂದ್ರ ಈ ಮನಿ ಮಾರಿಬಿಡೋದ, ಅವ್ವಾ."

ಅತ್ತಿ ಬಾಗಿಲ ಚೌಕಟ್ಟು ಒಮ್ಮೆ ಸವರಿದ್ಲು. ಅಷ್ಟಕ್ಕ ನಾ ಎದಿ ಉಬ್ಬಿಸಿ, "ನೀ ಬರೋದ್ರಾಗ ಬಚ್ಚಲಾ ಹೊಸಾದು ಮಾಡಿಸಿರ್ತೀನಿ ಅತ್ತಿ" ಅಂದ್ಬಿಟ್ಟೆ. ನನ್ನ ಹಂತ್ಯಾಕ ಇದ್ದದ್ದು ಅರ್ಧ ತಿಂಗಳ ಪಗಾರ, ಪೂರ್ತಿ ಬಾಯಿ.

ಗೌಂಡಿ ಎಲ್ಲಿ ಸಿಗ್ತಾರಂತ ಓಣಿಯ ತಳ್ಳುಗಾಡಿ ಕಾಯಿಪಲ್ಲೆ ಅಕ್ಕನ್ನ ಕೇಳಿದೆ. ನನ್ನ ತೆಲುಗು ಅಂದ್ರ ಕನ್ನಡ ಶಬ್ದದ ತುದಿ ತಿರುವಿ, ಬಾಲಕ್ಕ 'ಬೇಕು' ಅನ್ನಾಕ 'ಕಾವಾಲಿ' ಕಟ್ಟೋದು. "ಅಕ್ಕಾ, ಬಚ್ಚಲಿ ಕಾವಾಲಿ!" ಆಕಿ ತಡಾ ಮಾಡದ ಎರಡು ಕಟ್ಟು ಸೊಪ್ಪು ಕೈಯಾಗ ಇಟ್ಟಳು. ನಾ ಮೈಮ್ಯಾಲೆ ನೀರು ಹಾಕ್ಕೊಂಡಂಗ ಅಭಿನಯ ಮಾಡಿ ತೋರಿಸಿದೆ. ಆಕಿ ಸೊಪ್ಪಿನ ಮ್ಯಾಲೆ ನೀರು ಚಿಮುಕಿಸಿ ಕೊಟ್ಟಳು.

ಬಾಜೂಕ ಮೆಣಸಿನಕಾಯಿ ಆರಿಸಾಕತ್ತಿದ್ದ ಹಿರಿಯರೊಬ್ಬರು ನಕ್ಕು ನಕ್ಕು ಕೆಮ್ಮಿದ್ರು. "ನಮ್ಮ ಕಡೆಯವ್ರೇನ್ರಿ ಸಾಹೇಬ್ರ? ಇಲ್ಲಿ ಬಚ್ಚಲಿ ಅಂದ್ರ ಬಸಳಿ ಸೊಪ್ಪು. ಬಚ್ಚಲಾ ಬೇಕಂದ್ರ ನಾ ಇದೀನಿ, ನಡ್ರಿ." ಅವರೇ ಗೌಂಡಿ ಕಾಕಾ, ಶಹಾಬಾದ್ ಕಡೆಯವರು. ಅವತ್ತಿನಿಂದ ಆ ಅಕ್ಕ ಅವರನ್ನ "ಬಚ್ಚಲಿ ಮೇಸ್ತ್ರಿ" ಅಂತನ ಕರಿಯಾಕ ಹತ್ತಿದ್ಲು.

ನಾ ಮೊದಲ ತಂದಿಟ್ಟಿದ್ದ ಅಗ್ಗದ ಟೈಲ್ಸು ಕನ್ನಡಿಯಂಗ ಹೊಳಿತಿದ್ವು. ಕಾಕಾ ಒಂದರ ಮ್ಯಾಲೆ ನೀರು ಹಾಕಿ ಬೆರಳು ಆಡಿಸಿದ್ರು. "ಇವು ಗೋಡೆಗೆ ಹಚ್ಚೋವು. ನೆಲಕ್ಕ ಹಾಕಿದ್ರ ನಿಮ್ಮ ಅತ್ತಿ ಸೀದಾ ಸ್ವರ್ಗಕ್ಕ ಜಾರ್ತಾರ."

"ನೆಲಕ್ಕ ಬ್ಯಾರೆ ತರಾಕ ಆಗಂಗಿಲ್ಲ ಕಾಕಾ."

ಅವರು ಕಬ್ಬಿಣದ ಹಾರಿ ತಗೊಂಡು ನೆಲದ ಹಳೇ ಫರ್ಸಿ ಕಲ್ಲೊಂದನ್ನ ಮೀಟಿ ಎಬ್ಬಿಸಿದ್ರು. ಮ್ಯಾಲಿನ ಮಗ್ಗಲು ಸವದು ಬೆಣ್ಣಿ ಆಗಿತ್ತು. ಹೊಳ್ಳಿಸಿದ್ರು. ಕೆಳಗಿಂದು ಒರಟು, ಕಾಲು ಹಿಡಿಯೋ ಹಂಗ. "ನಮ್ಮೂರ ಕಲ್ಲು ಸಾಹೇಬ್ರ. ನಮ್ಮಪ್ಪ ಇದನ್ನ ಒಡಿತಿದ್ದ. ನಿಮ್ಮ ಅತ್ತಿ ಇಷ್ಟು ವರ್ಷ ಒಂದ ಮಗ್ಗಲಿನ ಮ್ಯಾಲೆ ನಿಂತಾರ. ಇನ್ನೊಂದು ಮಗ್ಗಲು ಇನ್ನೂ ಹೊಸಾದ ಐತಲ್ರಿ."

ಹೊಳಿಯೋ ಟೈಲ್ಸು ಗೋಡೆಗೆ ಹೋದ್ವು. ಕಲ್ಲು ಒಂದೊಂದ ಹೊಳ್ಳಿಸಿ, ತಿಕ್ಕಿ, ಮೋರಿ ಕಡೆ ಇಳಿಜಾರು ಕೊಟ್ಟು ಕುಂದ್ರಿಸಿದ್ರು.

ನನಗ ತಡಕೊಳ್ಳೋದು ಆಗಿಬರಂಗಿಲ್ಲ. ಅತ್ತಿದು ದಿನಾ ಫೋನು: "ಆತೇನೋ?" ಮಾದಾಪುರಕ್ಕೂ ಮನಿಗೂ ಸ್ಕೂಟರ್ ಮ್ಯಾಲೆ ದಿನಕ್ಕ ಮೂರು ಸಲ ಓಡಾಟ. ನಿಂತ್ರ ಕುಂದ್ರಬೇಕು, ಕುಂತ್ರ ಏಳಬೇಕು. ಅತ್ತಿ ಬರೋದಕ್ಕ ಮೂರು ದಿನ ಇದ್ದಾಗ ಕಡೇ ಕಲ್ಲು ಕುಂದ್ರಿಸಿ ಕಾಕಾ, "ಎರಡು ದಿನ ಯಾರೂ ಕಾಲಿಡಬಾರದು" ಅಂದ್ರು. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ನನ್ನ ಮುಖ ನೋಡಿ, ಇನ್ನೊಂದು ಹಗ್ಗ ಕಟ್ಟಿದ್ರು.

ಒಂದು ತಾಸು ತಡದೆ. ಆಮ್ಯಾಲೆ, ನೀರು ಖರೇನ ಮೋರಿಗೆ ಹೋಗ್ತೈತೇನು ನೋಡೋಣಂತ, ಬಕೀಟು ಹಿಡಕೊಂಡು ಎರಡೂ ಹಗ್ಗ ದಾಟಿದೆ. ಬಾಗಿಲ ಹಂತ್ಯಾಕಿನ ಕಲ್ಲು ಪುಸಕ್ಕಂತ ಕುಸೀತು. ನೀರು ಮೋರಿ ಬಿಟ್ಟು ನಡಮನಿಗೆ ಬಂತು. ಅತ್ತಿ ಅದ ಕಲ್ಲಿನ ಮ್ಯಾಲೆ ಕಾಲಿಟ್ಟು ಹೊಳ್ಳಿ ಬಿದ್ದಂಗ ಕಣ್ಣಿಗೆ ಕಟ್ಟಿತು. ನನಗ ಯಾವ ಜೋಕೂ ಹೊಳೀಲಿಲ್ಲ.

ಮರುದಿನ ಮುಂಜಾನೆ ಕಾಕಾ ಬಂದು ಹಗ್ಗ ನೋಡಿದ್ರು, ಕಲ್ಲು ನೋಡಿದ್ರು, ನನ್ನ ನೋಡಿದ್ರು.

"ಸಾಹೇಬ್ರ, ಆಫೀಸಿನ್ಯಾಗ ಏನ್ ಕೆಲಸಾ ಮಾಡ್ತೀರಿ?"

"ಟೆಸ್ಟಿಂಗ್, ಕಾಕಾ."

"ಅಂದ್ರ?"

"ಬ್ಯಾರೆಯವ್ರು ಮಾಡಿದ್ದು ಕೆಡ್ತೈತೇನು ಅಂತ ನೋಡೋದು."

"ಭಾಳ ಛಲೋ ಮಾಡ್ತೀರಿ. ಅಲ್ಲೇ ಮಾಡ್ರಿ."

ಬೈಲಿಲ್ಲ. ಬ್ಯಾರೆ ಕಡೆ ಒಪ್ಪಿದ್ದ ಕೆಲಸ ಬಿಟ್ಟು, ಕಲ್ಲು ಎಬ್ಬಿಸಿ ಮತ್ತ ಕುಂದ್ರಿಸಿದ್ರು. ಆಮ್ಯಾಲೆ ಎರಡು ದಿನ ತಮ್ಮ ಮನಿಗೇ ಹೋಗಲಿಲ್ಲ. ಬಚ್ಚಲ ಬಾಗಿಲಿಗೆ ಚಾಪಿ ಹಾಸಿ ಅಲ್ಲೇ ಇದ್ದು, ಹಾಲಿನ ಗಡಿಗಿಗೆ ಬೆಕ್ಕು ಬರದಂಗ ಕಾಯ್ದಂಗ, ನನ್ನಿಂದ ಆ ಕಲ್ಲು ಕಾಯ್ದ್ರು.

ಅತ್ತಿ ಬಂದ್ಲು. ಮಗಳು ತೋಳು ಹಿಡಿಯಾಕ ಹೋದ್ರ "ಬಿಡ" ಅಂತ ಒಬ್ಬಾಕಿನ ಒಳಗ ಹೋಗಿ ಒಂದು ತಂಬಿಗಿ ನೀರು ಸುರುವಿದ್ಲು. ನೀರು ಸುಮ್ಮನ ಮೋರಿಗೆ ಹೋತು. ಬರಿಗಾಲು ನೆಲಕ್ಕ ತಿಕ್ಕಿ ನೋಡಿ, "ಇವು ನನ್ನ ಹಳೇ ಕಲ್ಲಲ್ಲೇನೋ?" ಅಂದ್ಲು. ಮನಿ ಮಾರೋ ಮಾತು ಅವತ್ತ ಮುಗೀತು.

ಎರಡು ವರ್ಷದ ಮ್ಯಾಲೆ ಅಡಗಿಮನಿಯ ಒಲಿಕಟ್ಟಿ ಬಿರುಕು ಬಿಡ್ತು. ಕಾಕಾನ್ನ ಕರಿಬೇಕಂತ ತಳ್ಳುಗಾಡಿ ಅಕ್ಕನ್ನ ಕೇಳಿದೆ. "ಬಚ್ಚಲಿ ಮೇಸ್ತ್ರಿ ಪೋಯಿಂಡು ಬಾಬು" ಅಂದ್ಲು. ಹೋದ್ರು ಅಂದ್ರ ಊರಿಗೆ ಹೋಗಿರಬೇಕಂತ ತಿಳಕೊಂಡು, ಯಾವಾಗ ಬರ್ತಾರಂತ ಕೇಳಿದೆ. ಆಕಿ ತಲಿ ಅಲ್ಲಾಡಿಸಿ, ಮುಗಿಲಿನ ಕಡೆ ಕೈ ಎತ್ತಿ ತೋರಿಸಿದ್ಲು. ಆಮ್ಯಾಲೆ ಒಂದು ಕಟ್ಟು ಬಚ್ಚಲಿ ಆರಿಸಿ, ನೀರು ಚಿಮುಕಿಸಿ, ನನ್ನ ಚೀಲದಾಗ ಇಟ್ಟಳು. ರೊಕ್ಕ ಕೊಡಾಕ ಹೋದ್ರ ಕೈ ಹಿಂದ ಸರಿಸಿದ್ಲು.

ಮನಿಗೆ ಬಂದು ಬಚ್ಚಲ ಬಾಗಿಲದಾಗ ಕುಕ್ಕರಗಾಲಿಲೆ ಕುಂತೆ. ನಾ ಕೆಡಿಸಿದ, ಅವರು ಮತ್ತ ಕುಂದ್ರಿಸಿದ ಕಲ್ಲಿಗೆ ಗೆಣ್ಣಿನಿಂದ ಎರಡು ಸಲ ಬಡದು ಕಿವಿ ಹಚ್ಚಿದೆ. ಕಲ್ಲು ಮಾತಾಡಲಿಲ್ಲ.

"ಏನ್ ಮಾಡಾಕತ್ತೀಯೋ ಅಲ್ಲಿ?" ಅತ್ತಿ ಒಳಗಿಂದ ಕೇಳಿದ್ಲು.

ನಾನೂ ಮಾತಾಡಲಿಲ್ಲ.