ರೇಷ್ಮೆ ಪಾಠಕ್ಕೆ ಒಬ್ಬಳು ಕಡಿಮೆ

ಶಿಡ್ಲಘಟ್ಟದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ರೇಷ್ಮೆ ಕೃಷಿ ಕಲಿಸುವ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿಯಂತೆ, ಕರ್ಮ! ಯಾವ ವರ್ಷ ಎದ್ದು ಹೋಗು ಅನ್ನುತ್ತಾರೋ ಗೊತ್ತಿಲ್ಲ. ಹೊಸ ಪಠ್ಯಕ್ರಮ ಬಂದ ಮರುವರ್ಷ ಕಾಲೇಜಿನವರು ಒಂದು ನಿಯಮ ಮಾಡಿದರು: ಹತ್ತು ಮಂದಿ ಸೇರದ ಐಚ್ಛಿಕ ವಿಷಯವನ್ನು ನಡೆಸುವುದಿಲ್ಲ. ನನ್ನದಕ್ಕೆ ಬಂದವರು ಒಂಬತ್ತೇ ಮಂದಿ. ವಿಷಯ ನಿಂತರೆ ಅದರ ಕ್ರೆಡಿಟ್ಟುಗಳಿಲ್ಲ, ಕ್ರೆಡಿಟ್ಟುಗಳಿಲ್ಲದಿದ್ದರೆ ವಾರದ ಪಾಠದ ಗಂಟೆಗಳಿಲ್ಲ, ಗಂಟೆಗಳಿಲ್ಲದಿದ್ದರೆ ನಾನೂ ಇಲ್ಲ. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ದುಡಿಯುವವಳು ನಾನೊಬ್ಬಳೇ. ನಲವತ್ತು ದಾಟಿದವಳನ್ನು ಇನ್ಯಾರು ಕರೆದು ಕೆಲಸ ಕೊಡುತ್ತಾರೆ? ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೆ.

ರೇಷ್ಮೆಯ ಸೀಮೆಯಲ್ಲೇ ರೇಷ್ಮೆ ಓದುವವರು ಸಿಗಲಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಹೆತ್ತವರನ್ನು ಕೇಳಿದರೆ, "ಹುಟ್ದಾಗ್ಲಿಂದ ಹುಳ ಮೇಯಿಸ್ತಾವ್ರೆ, ಅದನ್ನೇ ಓದಕ್ಕೆ ಮತ್ತೆ ಬಸ್ಸು ಹತ್ಬೇಕಾ ಮೇಡಂ?" ಎನ್ನುತ್ತಿದ್ದರು. ಅವರ ಮಾತು ಸುಳ್ಳೇನಲ್ಲ.

ಹಿಂದಿನ ವರ್ಷದ್ದೇ ಕೇಳಿ. ಹೊಸ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ 'ಕಲಿಕಾ ಫಲಿತ' ಬರೆಯಬೇಕು, ಅಂದರೆ ಕೋರ್ಸು ಮುಗಿಸಿದ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನು. 'ತಿಳಿಯುವರು' ಎಂದು ಬರೆದರೆ ವಿಶ್ವವಿದ್ಯಾಲಯದವರು ಆ ಪದವನ್ನೇ ಹೊಡೆದುಹಾಕುತ್ತಾರೆ. ತಿಳಿದದ್ದನ್ನು ಅಳೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. 'ಗುರುತಿಸುವರು', 'ಹೋಲಿಸುವರು' ಎಂದಿರಬೇಕು. ನಾನೂ ಬರೆದೆ: ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳವನ್ನು ಗುರುತಿಸುವರು. ಆಂತರಿಕ ಪರೀಕ್ಷೆಗೂ ಅದನ್ನೇ ಇಟ್ಟೆವು. ನಮ್ಮ ಮಕ್ಕಳು ಹರಟೆ ಹೊಡೆಯುತ್ತಲೇ ಹುಳ ಆರಿಸಿ ತಟ್ಟೆಗೆ ಹಾಕಿದರು. ಎಲ್ಲರಿಗೂ ಪೂರ್ತಿ ಅಂಕ. ಪರಿಶೀಲನೆಗೆಂದು ಹೊರಗಿನಿಂದ ಬಂದ ಪ್ರಾಧ್ಯಾಪಕರು ಕನ್ನಡಕ ಇಳಿಸಿ, "ಸೇರೋಕ್ ಮುಂಚೆನೇ ಇವ್ರಿಗಿದು ಬರ್ತಿತ್ತಲ್ವಾ? ನೀವು ಕಲಿಸಿದ್ದೇನಮ್ಮಾ?" ಎಂದರು. ಹುಳದ ರೋಗ, ತಳಿ, ಮಣ್ಣು ಎಂದು ಏನೇನೋ ಒದರಿದೆ. ಅವರು ತಲೆಯಾಡಿಸಿ ಪಕ್ಕದ ಫೈಲು ಎಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಸೇರ್ಪಡೆಯ ಕೊನೆಯ ದಿನ ಬಸ್ಸು ಹಿಡಿದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಗೆ ಹೋದೆ. ಅಲ್ಲಿಯ ಒಬ್ಬ ಹುಡುಗಿ ನಮ್ಮ ಕಾಲೇಜಿಗೆ ಸೇರಿದ್ದರೂ ಐಚ್ಛಿಕ ವಿಷಯ ಯಾವುದೆಂದು ಇನ್ನೂ ಹೇಳಿರಲಿಲ್ಲ. ಅವರ ಹುಳ ಸಾಕುವ ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು. ಹುಳ ಹಣ್ಣಾಗುವ ಮುಂಚಿನ ದಿನಗಳಲ್ಲಿ ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಸೋಂಕಿನ ಭಯ. ಒಳಗಿನವರಿಗೂ ಹಿಪ್ಪುನೇರಳೆ ಸೊಪ್ಪು ಹಾಕುವುದು ಬಿಟ್ಟು ಈಚೆ ಬರಲು ಪುರುಸೊತ್ತಿರುವುದಿಲ್ಲ. ಇದನ್ನೇ ಪಾಠ ಮಾಡುವವಳು ನಾನು, ಒಳಗೆ ನುಗ್ಗಲೇ? ಕಿಟಕಿಯ ಜಾಲರಿಗೆ ಮುಖ ಒಡ್ಡಿ ನಿಂತು ಬೇಡಿದೆ.

"ಇವತ್ತೇ ಕೊನೆ ಕಣಮ್ಮ. ನೀನೊಬ್ಳು ಬಂದ್ರೆ ಕ್ಲಾಸ್ ನಡೆಯುತ್ತೆ."

ಸೊಪ್ಪು ಹರಡುತ್ತಿದ್ದ ತಾಯಿ, "ಕಂಪ್ಯೂಟರ್ ಸಬ್ಜೆಕ್ಟ್ ತಗೊಂತೀನಿ ಅಂತಿದ್ಲು. ಇಷ್ಟು ದೂರ ಬಂದಿದ್ದೀರ, ನೀವು ಹೇಳ್ದಂಗೇ ಮಾಡ್ತಾಳೆ ಬಿಡಿ ಮೇಡಂ," ಎಂದರು.

ಹೋದ ಜೀವ ಬಂತು. ಗಡಬಡಿಸಿ ಚೀಲದಿಂದ ಸೇರ್ಪಡೆಯ ಅರ್ಜಿ, ಪೆನ್ನು ತೆಗೆದೆ. ಅಷ್ಟರಲ್ಲಿ ಹುಡುಗಿ ಜಾಲರಿಯ ಹತ್ತಿರ ಬಂದಳು. ಕೈಯೆಲ್ಲ ಸೊಪ್ಪಿನ ಹಸಿರು.

"ಮೇಡಂ, ಇದು ಓದಿದ್ರೆ ನಿಮ್ ಥರ ಆಗ್ಬೋದಾ? ಈ ಹುಳ ಸಾಕಾಗೋಗಿದೆ ನಂಗೆ. ನಿಮ್ ಥರ ಸೀರೆ ಉಟ್ಕೊಂಡು, ಬ್ಯಾಗ್ ಹಾಕ್ಕೊಂಡು ಕಾಲೇಜ್‌ಗೆ ಹೋಗ್ಬೇಕು."

ಹೂಂ ಎಂದಿದ್ದರೆ ಸಾಕಿತ್ತು. ನನ್ನ ವಿಷಯ ಉಳಿಯುತ್ತಿತ್ತು, ಅಮ್ಮನ ಔಷಧಿ ನಡೆಯುತ್ತಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಆ ಕಣ್ಣುಗಳಲ್ಲಿ ಎಂಥ ಆಸೆ! ಬಾಯಿ ತೆರೆದೆ. ದುಃಖ ಒತ್ತರಿಸಿ ಬಂತು.

"ಬೇಡ ಕಣಮ್ಮ, ನನ್ ಥರ ಆಗೋದ್ ಬೇಡ," ಅಂದೆ. "ನೀನು ಕಂಪ್ಯೂಟರೇ ತಗೋ."