ಮೌಖಿಕ ಆದೇಶದ ಮೇರೆಗೆ

ಅಮೆರಿಕದಲ್ಲಿ ವಶೀಲಿ ನಡೆಯುವುದಿಲ್ಲ ಎಂದು ನಮ್ಮ ಅತ್ತೆಗೆ ನಾನು ಪಾಠ ಹೇಳಿದ್ದು ಒಂದು ಸಲವಲ್ಲ, ಕನಿಷ್ಠ ಇಪ್ಪತ್ತು ಸಲ. ಅವರು ಗದಗಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಬಂದ ವಾರವೇ ನನ್ನ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸುವ ನೆಪದಲ್ಲಿ ಅವರನ್ನು ಬೇಕೆಂದೇ ಜೊತೆಗೆ ಕರೆದುಕೊಂಡು ಹೋದೆ. 'ನೋಡಿ ಅತ್ತೆ, ಇಲ್ಲಿ ಡಾಕ್ಟರಾಗಲಿ, ಕಸ ಗುಡಿಸೋರಾಗಲಿ, ಎಲ್ಲರಿಗೂ ಒಂದೇ ಟೋಕನ್' ಎಂದೆ. ಅವರು ಅಲ್ಲಿದ್ದ ಕುರ್ಚಿ, ಕೌಂಟರು, ಟೋಕನ್ ಮಷಿನ್ ಎಲ್ಲವನ್ನೂ ಒಮ್ಮೆ ನೋಡಿ, 'ಹೌದೇನವಾ? ಭಾಳ ಛಲೋ ಆತು' ಎಂದರು. ಮೂವತ್ತು ವರ್ಷ ಪಿಡಬ್ಲ್ಯೂಡಿ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವರು 'ಛಲೋ ಆತು' ಎಂದರೆ ನಂಬಿದ್ದಾರೆ ಅಂತೇನೂ ಅಲ್ಲ.

ಮಧ್ಯಾಹ್ನ ಅವರು ಟಿವಿ ಮುಂದೆ ಕೂತು ವಾಷಿಂಗ್ಟನ್ನಿನ ಸುದ್ದಿ ನೋಡುತ್ತಿದ್ದರು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ರಾಜಕೀಯ ಪೂರ್ತಿ ತಿಳಿಯುತ್ತಿತ್ತು. 'ತಮ್ಮವರಿಗೆ ಕುರ್ಚಿ, ಆಗದವರಿಗೆ ವರ್ಗಾ. ಇಷ್ಟು ದೂರ ವಿಮಾನದಾಗ ಬಂದು ಇದ ನೋಡಬೇಕಾತಲ್ಲ' ಎನ್ನುವರು. ನನಗೆ ರೇಗುತ್ತಿತ್ತು. 'ಅದು ಮೇಲಿನವರ ವಿಷಯ ಅತ್ತೆ. ನಮ್ಮ ಮಟ್ಟದಲ್ಲಿ ಹಾಗೆಲ್ಲ ಇಲ್ಲ' ಎಂದು ವಾದಕ್ಕೆ ನಿಲ್ಲುತ್ತಿದ್ದೆ.

ನಮ್ಮ ಮಟ್ಟ ಎಂದರೆ ವಿಕ್ಸಮ್ ಎಂಬ ಊರಿನಿಂದ ಕೆಲವೇ ಮೈಲಿ ದೂರದ ಒಂದು ಪುಟ್ಟ ಊರಿನ ಸಿಟಿ ಹಾಲ್, ಅಂದರೆ ಪುರಸಭೆ ಕಚೇರಿ. ಅಲ್ಲಿ ನನಗೆ ನಕ್ಷೆ ನೋಡುವ ಕೆಲಸ. ಯಾರು ಏನೇ ಕಟ್ಟಲಿ, ಇದ್ದದ್ದನ್ನು ಬದಲಾಯಿಸಲಿ, ನಕ್ಷೆ ನನ್ನ ಮೇಜಿಗೆ ಬರಬೇಕು. ಮೆಟ್ಟಿಲು ಎಷ್ಟು ಅಗಲ, ಬಾಗಿಲು ಯಾವ ಕಡೆ ತೆರೆಯುತ್ತದೆ, ಬೆಂಕಿ ಬಿದ್ದರೆ ಜನ ಯಾವ ದಾರಿಯಲ್ಲಿ ಓಡುತ್ತಾರೆ ಎಂದು ನೋಡಿ, ಸ್ಥಳಕ್ಕೂ ಹೋಗಿಬಂದು ಸಹಿ ಹಾಕುವವಳು ನಾನು. ನಮ್ಮ ಮನೆಯಲ್ಲಿ ಇದನ್ನು 'ಬಾಗಿಲು ಎಣಿಸೋ ಕೆಲಸ' ಎನ್ನುತ್ತಾರೆ. ಅನ್ನಲಿ.

ಆ ವರ್ಷ ಇಂಡಸ್ಟ್ರಿಯಲ್ ಪಾರ್ಕ್‌ನಲ್ಲಿ ಖಾಲಿ ಬಿದ್ದಿದ್ದ ಒಂದು ಹಳೆಯ ಕಾರ್ಖಾನೆಯನ್ನು ಪಾರ್ಟಿ ಹಾಲ್ ಮಾಡಿದರು. ಗೊಂಚಲು ತೂಗುದೀಪ, ಕನ್ನಡಿ ಗೋಡೆ, ವೇದಿಕೆ, ಏನು ಕೇಳುತ್ತೀರಿ! ನಕ್ಷೆಯಲ್ಲಿ ಹೊರಗೆ ಹೋಗಲು ಮೂರು ಬಾಗಿಲಿದ್ದವು. ಹೋಗಿ ನೋಡಿದರೆ ಎರಡೇ ತೆರೆಯುತ್ತಿದ್ದವು. ಮೂರನೆಯದರ ಮುಂದೆ ಕೋಣೆಯಷ್ಟು ದೊಡ್ಡ ಫ್ರಿಜ್ಜನ್ನು ತಂದು ಕೂರಿಸಿದ್ದರು. ವೇದಿಕೆಯ ಹಿಂದಿನ ಮೇಕಪ್ ರೂಮಿನವರಿಗೆ ಹತ್ತಿರವಿದ್ದದ್ದು ಅದೊಂದೇ ಬಾಗಿಲು. ಫ್ರಿಜ್ ಸರಿಸುವವರೆಗೆ ಅನುಮತಿ ಇಲ್ಲ ಎಂದು ಬರೆದು ಬಂದೆ.

ಮಾರನೆಯ ದಿನ ಮೇಯರ್ ಸ್ವತಃ ನನ್ನ ಮೇಜಿಗೆ ಬಂದರು, ಕೈಯಲ್ಲಿ ಡೋನಟ್ ಡಬ್ಬಿ. ಹಾಲ್‌ನ ಮಾಲೀಕ ಅವರ ಆಪ್ತ ಸ್ನೇಹಿತ. ಚುನಾವಣೆಯಲ್ಲಿ ತನ್ನ ಎಲ್ಲ ಕಟ್ಟಡಗಳ ಮುಂದೆ ಇವರ ಹೆಸರಿನ ಬೋರ್ಡು ನೆಟ್ಟವನು. ಮೇಯರ್ ಕೆಟ್ಟ ಮನುಷ್ಯರೇನಲ್ಲ. ಊರಿನ ಪ್ರತಿಯೊಬ್ಬರ ನಾಯಿಯ ಹೆಸರೂ ಅವರಿಗೆ ನೆನಪಿರುತ್ತದೆ. ಅಂಥವರಿಗೆ ಇಲ್ಲ ಎನ್ನುವುದೇ ಕಷ್ಟ. 'ಆ ಹಾಲ್ ಬಂದರೆ ಊರಿಗೆ ಕಳೆ ಬರುತ್ತದೆ. ಸದ್ಯಕ್ಕೆ ತಾತ್ಕಾಲಿಕ ಪರವಾನಗಿ ಕೊಡಿ, ಫ್ರಿಜ್ ಆಮೇಲೆ ಸರಿಸುತ್ತಾರೆ. ನಾವೆಲ್ಲ ಒಂದು ಕುಟುಂಬ ಅಲ್ಲವೇ' ಎಂದರು. ಫ್ರಿಜ್ ಸರಿದ ದಿನವೇ ಕೊಡುತ್ತೇನೆ ಎಂದೆ. ಅವರು ನಕ್ಕು, ಡಬ್ಬಿ ಅಲ್ಲೇ ಬಿಟ್ಟು ಹೋದರು.

ಮನೆಗೆ ಬಂದು ಹೇಳಿದಾಗ ಅತ್ತೆಯ ಕಣ್ಣು ಅರಳಿತು.

'ಸಾಹೇಬ್ರು ತಾವ ಎದ್ದು ನಿನ್ನ ಟೇಬಲ್ಲಿಗೆ ಬಂದ್ರ? ತಿನ್ನಾಕ ಏನರ ತಂದಿದ್ರ?'

'ಡೋನಟ್ ತಂದಿದ್ರು.'

'ನಮ್ಮಲ್ಲಿ ಮಿರ್ಚಿ ಭಜಿ ತರತಿದ್ರು' ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಷ್ಟು ದಿನದಲ್ಲಿ ಅಮೆರಿಕ ಅವರಿಗೆ ಹಿಡಿಸಿದ್ದು ಅವತ್ತೇ ಮೊದಲು.

ಎರಡು ದಿನ ಬಿಟ್ಟು ನಮ್ಮ ಕನ್ನಡ ಸಂಘದ ಅಧ್ಯಕ್ಷರ ಫೋನು ಬಂತು. ಇವರು ಹತ್ತು ವರ್ಷದಿಂದ ಅಧ್ಯಕ್ಷರು. ಪ್ರತಿ ಯುಗಾದಿಗೆ 'ಈ ಸಲ ಬೇರೆ ಯಾರಾದ್ರೂ ಬನ್ನಿಪ್ಪ' ಎಂದು ವೇದಿಕೆಯ ಮೇಲಿಂದ ಕರೆಯುತ್ತಾರೆ, ಯಾರಾದರೂ ಎದ್ದೇಬಿಟ್ಟಾರು ಎಂದು ಮೈಕ್ ಮಾತ್ರ ಕೈಯಿಂದ ಬಿಡುವುದಿಲ್ಲ. ರಾಜ್ಯೋತ್ಸವಕ್ಕೆ ಅವರು ಹಿಡಿದದ್ದು ಅದೇ ಪಾರ್ಟಿ ಹಾಲ್.

'ಮೇಡಂ, ನೀವೇ ಒಳಗಿದೀರ ಅಂದ್ಮೇಲೆ ನಮಗೇನು ಚಿಂತೆ! ಒಂದು ಸೈನ್ ಹಾಕ್ಬಿಡಿ, ಆಯ್ತು.'

'ಅಂಕಲ್, ಅಲ್ಲಿ ಬಾಗಿಲು ತೆಗೆಯಕ್ಕಾಗಲ್ಲ. ನಮ್ಮ ಮಕ್ಕಳೇ ಡ್ಯಾನ್ಸ್‌ಗೆ ರೆಡಿ ಆಗೋದು ಆ ರೂಮಲ್ಲಿ.'

'ಅಯ್ಯೋ, ಇನ್ನೆರಡು ಇದೆಯಲ್ಲ ಮೇಡಂ. ನಮ್ಮೋರಿಗೆ ನಾವೇ ಹೀಗೆ ಮಾಡಿದ್ರೆ ಹೇಗೆ?'

ನಾನೂರು ಜನ, ಎರಡು ಬಾಗಿಲು, ಒಲೆ ಹಚ್ಚಿದ ಅಡುಗೆಮನೆ, ಅದರ ಪಕ್ಕದ ರೂಮಿನಲ್ಲಿ ಗೆಜ್ಜೆ ಕಟ್ಟಿಸಿಕೊಳ್ಳುತ್ತಾ ಕೂತ ಹದಿನೆಂಟು ಮಕ್ಕಳು. ಅವರಲ್ಲಿ ನನ್ನ ಮಗಳೂ ಒಬ್ಬಳು. ಇಷ್ಟನ್ನೂ ಬಿಡಿಸಿ ಹೇಳಿದೆ. ಅಧ್ಯಕ್ಷರು 'ಆಗಲಿ ಆಗಲಿ, ನೀವು ನೋಡ್ಕೊಳ್ತೀರ ಬಿಡಿ' ಎಂದು ಫೋನಿಟ್ಟರು.

ಇಟ್ಟವರು ಸುಮ್ಮನಿದ್ದರೆ? ನಮ್ಮ ಜನಕ್ಕೆ ಕೆಲಸ ಆಗುವ ಮೊದಲೇ ವಂದನಾರ್ಪಣೆ ಮಾಡುವ ಚಟ. ಮೂರು ದಿನದಲ್ಲಿ ಕೆಂಪು ಹಳದಿ ಬಣ್ಣದ ಆಹ್ವಾನ ಪತ್ರಿಕೆ ಎಲ್ಲರ ಫೋನಿಗೂ ಬಂತು. ಕನ್ನಡದಲ್ಲೊಂದು, ಮಕ್ಕಳಿಗೆಂದು ಇಂಗ್ಲಿಷಿನಲ್ಲೊಂದು. ಅದರ ನಡುವೆ ಯಾವುದೋ ಕಾಲದ ರೇಷ್ಮೆ ಸೀರೆಯ ನನ್ನ ಫೋಟೋ, ಕೆಳಗೆ ನನ್ನ ಹುದ್ದೆ, ಅದರ ಕೆಳಗೆ 'ಸಭಾಂಗಣಕ್ಕೆ ಅನುಮತಿ ದೊರಕಿಸಿಕೊಟ್ಟ ನಮ್ಮ ಹೆಮ್ಮೆಯ ಕನ್ನಡತಿಗೆ ಹೃತ್ಪೂರ್ವಕ ಕೃತಜ್ಞತೆಗಳು'. ನೋಡಿ ತಲೆ ಗಿರ್ರೆಂದಿತು. ಪತ್ರಿಕೆಯ ಅಡಿಯಲ್ಲಿ ಹಾಲ್‌ನ ಮಾಲೀಕನ ಜಾಹೀರಾತು ಇತ್ತು, ಹಾಗಾಗಿ ಅವನಿಗೂ ಒಂದು ಪ್ರತಿ ಹೋಗಿತ್ತು. ಅವನಿಂದ ಮೇಯರ್‌ಗೆ.

ಸೋಮವಾರ ಬೆಳಿಗ್ಗೆ ಮೇಯರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಈ ಸಲ ಡೋನಟ್ ಇರಲಿಲ್ಲ. ಮೇಜಿನ ಮೇಲೆ ಆಹ್ವಾನ ಪತ್ರಿಕೆಯ ಕಲರ್ ಪ್ರಿಂಟ್ ಇತ್ತು. 'ನಿಮ್ಮ ಜನರ ಕಾರ್ಯಕ್ರಮ, ನಿಮ್ಮ ಫೋಟೋ, ನಿಮ್ಮ ಸಹಿ. ನೋಡುವವರಿಗೆ ಇದು ಪಕ್ಷಪಾತದ ಹಾಗೆ ಕಾಣುವುದಿಲ್ಲವೇ? ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಈ ಫೈಲನ್ನು ನಿಮ್ಮ ಸಹೋದ್ಯೋಗಿಗೆ ಕೊಟ್ಟುಬಿಡಿ' ಎಂದರು. ಆ ಸಹೋದ್ಯೋಗಿ ಮೇಯರ್ ಹೇಳಿದ ಯಾವುದಕ್ಕೂ ಇದುವರೆಗೆ ಇಲ್ಲ ಎಂದವನಲ್ಲ. ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡೇ ಕೂತಿರುತ್ತಾನೆ.

ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ಸ್ನೇಹಿತನಿಗಾಗಿ ಕಾನೂನು ಬಗ್ಗಿಸಲು ಬಂದವರು ನನಗೆ ಪಕ್ಷಪಾತದ ಪಾಠ ಹೇಳುತ್ತಿದ್ದಾರೆ, ಅದಕ್ಕೆ ಸಾಕ್ಷಿ ಒದಗಿಸಿದ್ದು ನಮ್ಮ ಸಂಘವೇ! ಹೆಚ್ಚು ಮಾತಾಡಿದರೆ ವಿಚಾರಣೆ, ಸುಮ್ಮನಿದ್ದರೆ ಬಾಗಿಲು ಮುಚ್ಚಿದ ಹಾಲ್‌ನಲ್ಲಿ ಮಕ್ಕಳು. 'ಆಗಲಿ' ಎಂದು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ರಾಜೀನಾಮೆ ಬಿಸಾಕ್ತೀನಿ, ಪೇಪರಿನವರಿಗೆ ಹೇಳ್ತೀನಿ ಎಂದು ನಾನು ಕೂಗಾಡಿದ್ದನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ ಒಲೆ ಆರಿಸಿ, ಕೈಯ ಹಿಟ್ಟು ಒರೆಸಿಕೊಂಡರು.

'ಒದರಬ್ಯಾಡ. ಬರಿ.'

'ಏನು ಬರೀಲಿ?'

'ಸಾಹೇಬ್ರು ಎಂದೂ ಕಾಗದದ ಮ್ಯಾಲ ಹೇಳಂಗಿಲ್ಲವಾ, ಬಾಯಿಲೆ ಹೇಳತಾರ. ನಾವು ಕೆಳಗಿನವರು ಅದನ್ನ ಕಾಗದಕ್ಕ ಇಳಸಬೇಕು. ತಮ್ಮ ಮೌಖಿಕ ಆದೇಶದ ಮೇರೆಗೆ ಕಡತವನ್ನು ಇಂಥವರಿಗೆ ಸಲ್ಲಿಸಿದೆ. ಮೂರನೇ ಬಾಗಿಲು ತೆರೆಯುವುದಿಲ್ಲ ಎಂಬ ಅಂಶವನ್ನು ತಮ್ಮ ಗಮನಕ್ಕೆ ತಂದಿದೆ. ಅಷ್ಟ. ಒಂದು ಬೈಗಳ ಬ್ಯಾಡ, ಒಂದು ಹೆಚ್ಚಿನ ಶಬ್ದ ಬ್ಯಾಡ. ಪ್ರತಿ ಮಾತ್ರ ನಾಕು ಮಂದಿಗೆ ಹಾಕು.'

'ಅಷ್ಟಕ್ಕೇ ಹೆದರ್ತಾರಾ ಅತ್ತೆ?'

'ಕೈ ಕಾಲು ಬಿದ್ದು ಬಿಡತಾವ' ಎಂದು ಮತ್ತೆ ಒಲೆ ಹಚ್ಚಿದರು.

ಅವರ ಗದಗಿನ ಟಿಪ್ಪಣಿಯನ್ನು ನಾನು ಅಕ್ಷರಶಃ ಇಂಗ್ಲಿಷಿಗೆ ತಂದೆ. 'ಈ ದಿನ ಬೆಳಿಗ್ಗೆ ಹತ್ತೂವರೆಗೆ ತಮ್ಮ ಕೋಣೆಯಲ್ಲಿ ತಾವು ನೀಡಿದ ಮೌಖಿಕ ಆದೇಶದ ಮೇರೆಗೆ' ಎಂದು ಶುರು ಮಾಡಿ, ಫ್ರಿಜ್ಜಿನ ಫೋಟೋ ಸೇರಿಸಿ, ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ನನ್ನ ಒಪ್ಪಿಗೆಯಿಲ್ಲದೆ ಬಂದಿದೆ ಎಂಬುದನ್ನೂ ಬರೆದು, ಮೇಯರ್‌ಗೆ ಆ ರಾತ್ರಿಯೇ ಇ-ಮೇಲ್ ಕಳಿಸಿದೆ. ಪ್ರತಿಗಳು ಸಹೋದ್ಯೋಗಿಗೆ, ಅಗ್ನಿಶಾಮಕ ಇಲಾಖೆಗೆ, ಪುರಸಭೆಯ ವಕೀಲರಿಗೆ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಸಹೋದ್ಯೋಗಿಗೆ ವಿಪರೀತ ತಲೆನೋವು ಬಂದು ರಜೆ ಹಾಕಿ ಹೋದ. ವಕೀಲರು ಮೇಯರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಫೈಲು ನನ್ನ ಮೇಜಿಗೇ ವಾಪಸು ಬಂತು, ಪಕ್ಷಪಾತದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಗುರುವಾರ ಆರು ಜನ ಸೇರಿ ಫ್ರಿಜ್ಜನ್ನು ಅಲ್ಲಿಂದ ಎತ್ತಿದರು. ಶುಕ್ರವಾರ ನಾನು ಹೋಗಿ ಮೂರನೆಯ ಬಾಗಿಲನ್ನು ತಳ್ಳಿ ತೆರೆದು, ಹೊರಗಿನ ಚಳಿಗಾಳಿ ಒಳಗೆ ಬರಲು ಬಿಟ್ಟು, ಸಹಿ ಹಾಕಿದೆ. ಅಧ್ಯಕ್ಷರು ಫೋನ್ ಮಾಡಿ, 'ನೋಡಿದ್ರಾ ಮೇಡಂ, ನೀವು ಮನಸ್ಸು ಮಾಡಿದ್ರೆ ಆಗೇ ಆಗುತ್ತೆ ಅಂತ ನನಗೆ ಗೊತ್ತಿತ್ತು' ಎಂದರು. ಏನು ಹೇಳಲಿ ಇಂಥವರಿಗೆ.

ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಯಾರು ಅಂದುಕೊಂಡಿರಿ? ಮೇಯರ್! ಅಧ್ಯಕ್ಷರು ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅವರು 'ನಮಸ್ಕಾರ' ಎಂದದ್ದಕ್ಕೆ ನಾನೂರು ಜನ ಐದು ನಿಮಿಷ ಚಪ್ಪಾಳೆ ತಟ್ಟಿದೆವು. ನನ್ನ ಮಗಳು ಮತ್ತವಳ ಗೆಳತಿಯರು ಕುಣಿದು ಸೆಕೆಯಾಗಿ, ಗೆಜ್ಜೆ ಕಾಲಲ್ಲೇ ಮೂರನೆಯ ಬಾಗಿಲಿನಿಂದ ಹೊರಗೆ ಓಡುವುದು, ಚಳಿಯೆಂದು ಕಿರುಚಿ ಒಳಗೆ ಓಡುವುದು ಮಾಡುತ್ತಿದ್ದರು. ಅದನ್ನು ನೋಡುತ್ತಾ ಊಟಕ್ಕೆ ಕೂತಿದ್ದಾಗ ಪೇಟದ ಸಮೇತ ಮೇಯರ್ ಬಂದು ಪಕ್ಕದಲ್ಲಿ ಕೂತರು.

ಹೋಳಿಗೆ ಮುರಿಯುತ್ತಾ, 'ನಿಮ್ಮ ಇ-ಮೇಲ್ ಬಹಳ ಚೆನ್ನಾಗಿತ್ತು' ಎಂದರು. ಆಮೇಲೆ ಸಿಟ್ಟಿಲ್ಲದೆ, ಹವಾಮಾನದ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು: 'ನಿಮ್ಮನ್ನು ಈ ಕೆಲಸಕ್ಕೆ ತೆಗೆದುಕೊಂಡಾಗ ಪಟ್ಟಿಯಲ್ಲಿ ನಿಮಗಿಂತ ಮೇಲೆ ಇನ್ನೊಬ್ಬರಿದ್ದರು. ನಿಮ್ಮ ಅಧ್ಯಕ್ಷರು ಫೋನ್ ಮಾಡಿದರು. ಒಳ್ಳೆಯ ಜನ ನೀವು, ಎಲ್ಲರೂ ತಪ್ಪದೆ ವೋಟು ಹಾಕುತ್ತೀರಿ. ನಾನು ಒಂದು ಮಾತು ಹೇಳಿದೆ. ಅದನ್ನು ಯಾರೂ ಬರೆದಿಡಲಿಲ್ಲ.'

ತಟ್ಟೆಯನ್ನು ಅಲ್ಲೇ ಬಿಟ್ಟೆ. ಎದ್ದು ಹೋಗಿ, ಸಾರು ಬಡಿಸುತ್ತಿದ್ದ ಅಧ್ಯಕ್ಷರನ್ನು ಕೇಳಿದೆ. ಅವರು ಸೌಟನ್ನೂ ಕೆಳಗಿಡಲಿಲ್ಲ. 'ಅಯ್ಯೋ ಅದಾ? ಹೌದು ಮೇಡಂ, ಒಂದು ಮಾತು ಹೇಳಿದ್ದೆ, ನಮ್ಮೋರು ಅಂತ. ಅದೇನು ದೊಡ್ಡ ವಿಷಯ, ಬಿಡಿ. ಸಾರು ಹಾಕ್ಲಾ?'

ಮನೆಗೆ ಹೊರಟಾಗ ಇನ್ನೂ ಬೆಳಕಿತ್ತು. ನನ್ನ ಗಂಡ ಕುರ್ಚಿ ಜೋಡಿಸಲು ಅಲ್ಲೇ ಉಳಿದಿದ್ದರು. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು. ಡ್ರೈವ್ ಮಾಡುತ್ತಾ ಅತ್ತೆಗೆ ಎಲ್ಲ ಹೇಳಿದೆ. ನನಗಿಂತ ಮೇಲಿದ್ದವರು ಗಂಡಸೋ ಹೆಂಗಸೋ, ಆಗ ಮನೆಯಲ್ಲಿ ಅವರಿಗೆಷ್ಟು ಕಷ್ಟವಿತ್ತೋ, ಆ ಉತ್ತರಕ್ಕಾಗಿ ಎಷ್ಟು ದಿನ ಕಾದರೋ. ನನಗೆ ನಾಚಿಕೆಯಾಗುತ್ತಿತ್ತು, ಹೇಳುತ್ತಾ ಹೇಳುತ್ತಾ ಇನ್ನೂ ಹೆಚ್ಚಾಯಿತು.

'ಇದನ್ನೂ ಬರೀಬೇಕಾ ಅತ್ತೆ?' ಎಂದು ಕೇಳಿದೆ.

ಅವರ ಕೀಟಲೆಯೆಲ್ಲ ಎಲ್ಲಿಗೆ ಹೋಯಿತೋ.

'ಇದನ್ನ ಬರೀಬ್ಯಾಡ' ಎಂದರು, ಕಿಟಕಿಯ ಕಡೆ ಮುಖ ಮಾಡಿಕೊಂಡು. 'ನನ್ನ ನೌಕರಿ ಹೆಂಗ ಸಿಕ್ಕಿತ್ತು ಅಂತ ನಾನೂ ಎಲ್ಲೂ ಬರದಿಲ್ಲ.'

ಸೋಮವಾರ ಆಫೀಸಿನಲ್ಲಿ ಇ-ಮೇಲ್ ತೆರೆದು ಒಂದು ಸಾಲು ಟೈಪ್ ಮಾಡಿದೆ. ಅಷ್ಟರಲ್ಲಿ ಕೌಂಟರಿಗೆ ಯಾರೋ ಹಿತ್ತಿಲ ಶೆಡ್ಡಿನ ನಕ್ಷೆ ಹಿಡಿದು ಬಂದರು. ಆ ಸಾಲನ್ನು ಅಳಿಸಿ, ಎದ್ದು ಹೋಗಿ ಅವರ ನಕ್ಷೆ ತೆಗೆದುಕೊಂಡೆ. ಈಗಲೂ ಅದೇ ಕೆಲಸದಲ್ಲಿದ್ದೇನೆ, ಚೆನ್ನಾಗಿಯೇ ಮಾಡುತ್ತೇನೆ. ಅವತ್ತು ಅಳಿಸಿದ್ದನ್ನು ಈಗ ಇಲ್ಲಿ ಬರೆದಿದ್ದೇನೆ, ಕನ್ನಡದಲ್ಲಿ. ಮೇಯರ್ ಇದನ್ನು ಓದಲಾರರು. ಪಟ್ಟಿಯಲ್ಲಿ ನನಗಿಂತ ಮೇಲಿದ್ದವರೂ ಓದಲಾರರು.