ತೊಂಬತ್ತೆಂಟು ಎಂದು ಬರೆದ ಬೆಳಿಗ್ಗೆ

ಸುಮಾ, ಆ ಸೋಮವಾರ ಬೆಳಿಗ್ಗೆ ಪುಟ್ಟಿಗೆ ಜ್ವರವಿತ್ತು. ಥರ್ಮಾಮೀಟರ್ ನೂರಾ ಒಂದು ತೋರಿಸಿತು. ಚಾರ್ಟಿನಲ್ಲಿ ನಾನು ತೊಂಬತ್ತೆಂಟು ಎಂದು ಬರೆದೆ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ಮುದುಕಿಯಾದವಳು ನಾನು. ಏಳು ವರ್ಷದ ಮೊಮ್ಮಗಳಿಗೆ ರಕ್ತದ ಕ್ಯಾನ್ಸರ್ ಎಂದಾಗ ನನಗೆ ಮಾಡಲು ಗೊತ್ತಿದ್ದುದು ಒಂದೇ — ವೇಳಾಪಟ್ಟಿ. ಮಾತ್ರೆ, ಕುದಿಸಿದ ನೀರು, ಎರಡು ಹೊತ್ತು ಥರ್ಮಾಮೀಟರ್, ಎಲ್ಲವೂ ಗಂಟೆಗೆ ಸರಿಯಾಗಿ. “ವಾರ್ಡನ್ ಅಜ್ಜಿ ಬಂತು, ಎಲ್ರೂ ಲೈನಾಗಿ ನಿಲ್ರಿ” ಎಂದು ಅವಳು ಗೊಂಬೆಗಳನ್ನು ಗದರಿಸುತ್ತಿದ್ದಳು.

ಜ್ವರ ನೂರು ದಾಟಿದರೆ ಮನೆಯಲ್ಲಿ ಮಾತ್ರೆ ಕೊಡಬೇಡಿ, ತಕ್ಷಣ ಕರೆತನ್ನಿ ಎಂದು ಡಾಕ್ಟರು ನನಗೇ ಹೇಳಿದ್ದರು. ಆದರೆ ಮಂಗಳವಾರ ಕೀಮೋ ಇತ್ತು. ಜ್ವರದಿಂದಾಗಿ ಅದು ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಮೂರನೆಯ ಸಲವೂ ತಪ್ಪಿದರೆ ಮಗು ಉಳಿಯುವುದಿಲ್ಲ — ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಾನೇ ತೀರ್ಮಾನಿಸಿದ್ದೆ.

ನೀನು ಹಿತ್ತಲಲ್ಲಿ ಅವಳ ಬಟ್ಟೆ ಒಗೆಯುತ್ತಿದ್ದೆ.

“ಅಜ್ಜಿ, ಮೈ ಸುಡ್ತಾ ಇದೆ. ಅಮ್ಮಂಗೆ ಹೇಳ್ಲಾ?”

“ಬ್ಯಾಡ. ನಾಳೆ ಕೀಮೋ ತಪ್ಪಬಾರ್ದು. ಬಾಯಿ ತೆಗಿ.”

ತೆಗೆದಳು. ಅವಳು ನನ್ನ ಮಾತು ಮೀರಿದವಳಲ್ಲ. ಆರು ಗಂಟೆಗೊಮ್ಮೆ ಜ್ವರದ ಮಾತ್ರೆ ಕೊಟ್ಟೆ — ಒಂದು ಹೊತ್ತೂ ತಪ್ಪಿಸದೆ. ನೀನು ಮುಟ್ಟಿದಾಗೆಲ್ಲ ಮೈ ತಣ್ಣಗಿತ್ತು.

ಮರುದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಜ್ವರ ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರು. ನೀನು ಚಾರ್ಟು ಮುಂದೆ ಹಿಡಿದೆ. “ನಿನ್ನೆ ಇರ್ಲಿಲ್ಲ ಡಾಕ್ಟ್ರೇ. ನೋಡಿ, ನಮ್ಮತ್ತೆ ಬರೆದಿದಾರೆ.” ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು — ಆಡಲಿಲ್ಲ.

ಮೂರನೆಯ ದಿನ ಪುಟ್ಟಿ ಹೋದಳು. ರಕ್ತದಲ್ಲಿ ನಂಜು ಹರಡಿತ್ತು ಎಂದರು. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು, “ಸೊರಬಕ್ಕೆ ಕರ್ಕೊಂಡು ಹೋಗಿದ್ದೇ ತಪ್ಪಾಯ್ತು ಅತ್ತೆ” ಎಂದೆ. ಆ ಸೋಮವಾರಕ್ಕೆ ಎರಡು ದಿನ ಮುಂಚೆ, ನಿನ್ನ ತಾಯಿ ಮಗುವನ್ನು ನೋಡಬೇಕೆಂದು ಅತ್ತದ್ದಕ್ಕೆ, ನೀನು ಅವಳನ್ನು ಬಸ್ಸಿನಲ್ಲಿ ತವರಿಗೆ ಕರೆದುಕೊಂಡು ಹೋಗಿ ಬಂದಿದ್ದೆ.

ಆಗ ನಾನು ಹೇಳಿದ್ದು ನಿನಗೆ ನೆನಪಿದೆ.

“ನಾನ್ ಬ್ಯಾಡ ಅಂದಿದ್ದೆ.”

ಜ್ವರ ಮುಚ್ಚಿಟ್ಟದ್ದು ಹೆದರಿಕೆಯಿಂದ. ಆದರೆ ಈ ಮಾತು — ಇದನ್ನು ತಿಳಿದೇ ಆಡಿದೆ. ಅಂದಿನಿಂದ ನೀನು ತವರಿಗೆ ಕಾಲಿಟ್ಟಿಲ್ಲ. ಶಿಕಾರಿಪುರದ ಈ ಮನೆಯಲ್ಲಿ ಪುಟ್ಟಿಯನ್ನು ಕೊಂದವಳ ಹಾಗೆ ತಲೆ ತಗ್ಗಿಸಿಕೊಂಡು ನನಗೇ ಬಡಿಸುತ್ತೀಯ. ನಾನು ಉಣ್ಣುತ್ತೇನೆ.

ಮೊನ್ನೆ ನಿನ್ನ ತಾಯಿ ಫೋನ್ ಮಾಡಿದ್ದರು. “ನಮ್ಮನೇಲಿ ಏನ್ ತಾಗ್ತೋ ಕೂಸಿಗೆ, ನಂಗ್ ಗೊತ್ತಿಲ್ಲ ರೀ. ಮಗಳನ್ನಾದ್ರೂ ಒಂದ್ಸಲ ಕಳ್ಸಿ” ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ನೀನು ಇದನ್ನು ಓದುವಾಗ ನಾನು ಸೊರಬದಲ್ಲಿರುತ್ತೇನೆ, ನಿನ್ನ ತಾಯಿಯ ಎದುರು. ಅವರಿಗೆ ಬಾಯಲ್ಲೇ ಹೇಳುತ್ತೇನೆ. ನಿನಗೆ ಬರೆಯುತ್ತಿದ್ದೇನೆ — ನಿನ್ನ ಮುಖ ನೋಡಿದರೆ ಇವತ್ತೂ ಸುಳ್ಳು ಹೇಳಿಬಿಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ತಪ್ಪು ಏನೂ ಇರಲಿಲ್ಲ, ಸುಮಾ.